ಕೆಐಎಡಿಬಿ ಸೈಟೋ, ಕೆಎಸ್‌ಎಸ್‌ಐಡಿಸಿ ಶೆಡ್ಡೋ?

ನಾಲ್ಕು ಲೇತ್ ಇಟ್ಟು ವರ್ಕ್‌ಶಾಪ್ ಶುರು ಮಾಡುವವರಿಗೆ ಎರಡೂ ಹೆಸರು ಒಂದೇ ಥರ ಕೇಳಿಸುತ್ತವೆ. ಆದರೆ ಎರಡರ ಬುಡವೇ ಬೇರೆ.

ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಹುಟ್ಟಿದ್ದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಿಂದ. ಆ ಕಾಯ್ದೆಯ 28ನೇ ಸೆಕ್ಷನ್ ಅಡಿ ಸರ್ಕಾರ ರೈತರ ಜಮೀನು ಸ್ವಾಧೀನ ಮಾಡಿಕೊಂಡು ಮಂಡಳಿಗೆ ಕೊಡಬಹುದು. ಮೊದಲು 28(1)ರ ನೋಟಿಫಿಕೇಶನ್, ಆಕ್ಷೇಪಣೆ ಕೇಳಿದ ಮೇಲೆ 28(4)ರ ಅಂತಿಮ ನೋಟಿಫಿಕೇಶನ್. ಸೈಟ್ ನೋಡಲು ಹೋದಾಗ ಈ ಎರಡನೆಯದು ಬಂದಿದೆಯಾ, ಪರಿಹಾರದ ಕೇಸ್ ಕೋರ್ಟಿನಲ್ಲಿದೆಯಾ ಅಂತ ಕೇಳಿ. ಬೇಲಿಯಾಚೆ ಇನ್ನೂ ರಾಗಿ ಬೆಳೆದು ನಿಂತಿದ್ದರೆ ಎರಡು ಸಲ ಕೇಳಿ!

ಕೆಎಸ್‌ಎಸ್‌ಐಡಿಸಿ, ಅಂದರೆ ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ, 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ. ಮಂಡಳಿಯಂಥ ಕಾಯ್ದೆಯ ಬಲ ಇದಕ್ಕಿಲ್ಲ. ಮುಖ್ಯ ಕೆಲಸ ಸ್ಪಷ್ಟ: ಸಣ್ಣ ಕೈಗಾರಿಕೆಗಳಿಗೆ ಎಸ್ಟೇಟ್ ಮಾಡಿ ಶೆಡ್, ಸೈಟ್ ಕೊಡುವುದು. ಶೆಡ್ ಸಿಕ್ಕರೆ ಕಟ್ಟಡದ ತಲೆನೋವು ಇಲ್ಲ. ಜಾಗ ಮಾತ್ರ ಇಕ್ಕಟ್ಟು.

ಮಂಡಳಿಯ ಸೈಟಿನಲ್ಲಿ ಪ್ಲಾನ್ ಮಂಜೂರಾತಿಗೂ ಮಂಡಳಿಯ ಹತ್ತಿರವೇ ಹೋಗಬೇಕು. ಅದು ಅನುಕೂಲವೇ. ಆದರೆ ಹೇಳಿದ ಅವಧಿಯಲ್ಲಿ ಕಾರ್ಖಾನೆ ಕಟ್ಟದಿದ್ದರೆ ಸೈಟ್ ವಾಪಸ್ ತೆಗೆದುಕೊಳ್ಳುವ ಅಧಿಕಾರವೂ ಅದಕ್ಕಿದೆ. ಸುಮ್ನೆ ಬೆಲೆ ಏರಲಿ ಅಂತ ಖಾಲಿ ಬಿಡುವವರಿಗೆ ಇದು ಹೇಳಿದ್ದಲ್ಲ. ಮೊದಲೇ ಕ್ರಯಪತ್ರ ಕೈಗೆ ಬರುತ್ತದೆ ಅಂತಲೂ ಅಂದುಕೊಳ್ಳಬೇಡಿ, ಮೊದಲು ಸಿಗುವುದು ಲೀಸ್. ಲೀಸ್‌ನ ಷರತ್ತು ಬ್ಯಾಂಕಿನವರಿಗೆ ತೋರಿಸಿಯೇ ಸಹಿ ಹಾಕಿ.

ನನ್ನನ್ನು ಕೇಳಿದರೆ, ಮೊದಲ ಸಲ ಶುರು ಮಾಡುವವರಿಗೆ ಶೆಡ್ಡೇ ವಾಸಿ. ಮುಂದೆ ಯಂತ್ರ ಜಾಸ್ತಿಯಾಗುವ ನಂಬಿಕೆ, ಕಟ್ಟಡಕ್ಕೆ ದುಡ್ಡು ಎರಡೂ ಇದ್ದರೆ ಕೆಐಎಡಿಬಿ ಸೈಟಿಗೆ ಅರ್ಜಿ ಹಾಕಿ.