ಗಂಡಭೇರುಂಡ ಬ್ಯಾಡ್ಜ್: ರೆಸಿನ್ನೋ, ಹಿತ್ತಾಳೆಯೋ, ಜರ್ದೋಸಿಯೋ?

ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ನೆನಪಿಗೆ ಒಂದು ಗಂಡಭೇರುಂಡ ಬ್ಯಾಡ್ಜ್ ಕೈಯಾರೆ ಮಾಡಬೇಕು ಅಂತ ಹೊರಟವನು ಒಂದೇ ಚಿತ್ರ ಇಟ್ಟುಕೊಂಡು ಮೂರು ಥರ ಮಾಡಿ ನೋಡಿದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲ್‌ನ ಹೈಫಾದಲ್ಲಿ ಜೋಧ್‌ಪುರದ ಪಡೆ ಜೊತೆ ಸೇರಿ, ಮೆಷಿನ್ ಗನ್ ಎದುರು ಭರ್ಜಿ ಹಿಡಿದು ಕುದುರೆ ಮೇಲೆ ನುಗ್ಗಿದವರು ಅವರು. ಅಂಥವರ ನೆನಪಿನದು ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗಬೇಕು. ನನಗೆ ಅದೇ ಮುಖ್ಯ.

ರೆಸಿನ್ ಸುಲಭ. ಜೇಡಿಮಣ್ಣಲ್ಲಿ ಹಕ್ಕಿ ಮಾಡಿ, ಸಿಲಿಕಾನ್ ಅಚ್ಚು ತೆಗೆದು, ರೆಸಿನ್ ಹೊಯ್ದರೆ ಮಾರನೇ ದಿನ ಸಿದ್ಧ. ಅದೇ ಅಚ್ಚಲ್ಲಿ ಇನ್ನೂ ಹತ್ತು ತೆಗೆಯಬಹುದು. ಆದರೆ ಎಷ್ಟು ಚಿನ್ನದ ಬಣ್ಣ ಬಳಿದರೂ, ಮೇಜಿನ ಮೇಲೆ ಇಟ್ಟಾಗ ಬರುವ ಸದ್ದೇ ಹೇಳಿಬಿಡುತ್ತೆ. ನಾಟಕಕ್ಕೆ ಸಾಕು.

ಹಿತ್ತಾಳೆ ನನ್ನನ್ನು ತುಂಬಾ ಸತಾಯಿಸಿತು. 22 ಗೇಜ್ ತಗಡು ತಂದೆ. ಮೊದಲ ಎರಡು ತಗಡು ಕೊಕ್ಕಿನ ಹತ್ತಿರವೇ ಸೀಳಿದವು. ಅಶೋಕ ರಸ್ತೆಯ ಅಕ್ಕಸಾಲಿಗರೊಬ್ಬರಿಗೆ ತೋರಿಸಿದೆ. “ಬಡಿದಷ್ಟೂ ಗಟ್ಟಿಯಾಗುತ್ತೆ ಕಣಪ್ಪ, ನಡುನಡುವೆ ಕಾಯಿಸು” ಅಂದರು. ಆಮೇಲೆ ಮಂದ ಕೆಂಪು ಬರುವವರೆಗೆ ಕಾಯಿಸಿ, ಆರಲು ಬಿಟ್ಟು, ಅರಗಿನ ಮೇಲೆ ಕೂರಿಸಿ, ಹಿಂದಿನಿಂದ ಎದೆ ಉಬ್ಬಿಸಿ, ತಿರುಗಿಸಿ ಮುಂದಿನಿಂದ ಒಂದೊಂದೇ ಗರಿ ಮೂಡಿಸಿದೆ, ಗಟ್ಟಿಯಾಯಿತು ಅನ್ನಿಸಿದಾಗೆಲ್ಲ ಮತ್ತೆ ಕಾಯಿಸಿದೆ. ನಾಲ್ಕು ಭಾನುವಾರ ಹೋಯಿತು. ಹುಣಸೆಹಣ್ಣಲ್ಲಿ ತಿಕ್ಕಿ ತೊಳೆದಾಗ ಎರಡು ತಲೆಯೂ ಬೆಳಕಿಗೆ ಎದ್ದು ಬಂದವು ನೋಡಿ, ಆ ಖುಷಿ ರೆಸಿನ್‌ನಲ್ಲಿ ಸಿಗಲಿಲ್ಲ.

ಜರ್ದೋಸಿ ಅಂದರೆ ಬಟ್ಟೆ ಮೇಲೆ ಲೋಹದ ತಂತಿಯಲ್ಲಿ ಹಾಕುವ ಕಸೂತಿ. ಇದನ್ನು ಮಂಡಿ ಮೊಹಲ್ಲಾದಲ್ಲಿ ಬ್ಲೌಸ್‌ಗೆ ಕೆಲಸ ಹಾಕುವವರ ಹತ್ತಿರ ಕಲಿತೆ. ಸ್ಪ್ರಿಂಗ್ ಥರದ ತಂತಿಯನ್ನು ಗರಿಯ ಅಳತೆಗೆ ತುಂಡು ಮಾಡಿ, ಮಣಿ ಪೋಣಿಸಿದ ಹಾಗೆ ಸೂಜಿಗೆ ಪೋಣಿಸಿ, ಕೆಳಗೆ ಫೆಲ್ಟ್ ಅನ್ನುವ ದಪ್ಪ ಬಟ್ಟೆ ಇಟ್ಟು ಹೊಲಿಯಬೇಕು. ತುಂಡು ಒಂದು ಮಿಲಿಮೀಟರ್ ಜಾಸ್ತಿಯಾದರೆ ಬಾಗಿ ಮೇಲೇಳುತ್ತೆ, ಕಮ್ಮಿಯಾದರೆ ದಾರ ಕಾಣುತ್ತೆ. ಸುಮ್ನೆ ದುಡ್ಡು ಉಳಿಸೋಣ ಅಂತ ತಂದ ಅಗ್ಗದ ತಂತಿ ಒಂದೇ ಮಳೆಗಾಲಕ್ಕೆ ಕಪ್ಪಾಯಿತು. ಕೋಟಿನ ಕಾಲರ್‌ಗೆ, ಜೇಬಿಗೆ ಇದರಷ್ಟು ಚೆಂದ ಯಾವುದೂ ಇಲ್ಲ. ಪೇಟಕ್ಕೆ ಸಿಕ್ಕಿಸಲು ಮಾತ್ರ ಹಿತ್ತಾಳೆಯೇ ಬೇಕು, ಅಲ್ವಾ?

ಹಿತ್ತಾಳೆಯದರ ಹಿಂಬದಿಯಲ್ಲಿ ನಾನು ಮಾಡಿದ ವರ್ಷ ಕೊರೆದಿದ್ದೇನೆ. ನಾಳೆ ಯಾರೂ ಅದನ್ನು ಆ ಕಾಲದ್ದು ಅಂತ ಮಾರಬಾರದು. ಈಗ ಮೂರನೇ ತಗಡಿನ ಉಳಿಕೆಯಲ್ಲಿ ಸಮವಸ್ತ್ರದ ಭುಜಕ್ಕೆ ಸಿಕ್ಕಿಸುವ, ಪಡೆಯ ಹೆಸರಿನ ಅಕ್ಷರಗಳನ್ನು ಕತ್ತರಿಸುತ್ತಿದ್ದೇನೆ.