ಹಳೆ ದೋಣಿಗೆ ಟೂ-ಸ್ಟ್ರೋಕೋ, ಫೋರ್-ಸ್ಟ್ರೋಕೋ?

ನಾರಾಯಣಪುರದ ಬಸವಸಾಗರ ಹಿನ್ನೀರಲ್ಲಿ ಓಡೋ ಹಳೆ ಫೈಬರ್ ದೋಣಿಗೆ ಎಂಜಿನ್ ಬದಲಿಸುವ ಮುಂಚೆ, ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆ ತಟ್ಟಿ ನೋಡಿ. 'ಟಣ್' ಅನ್ನದೆ 'ದಬ್' ಅಂದರೆ ಒಳಗಿನ ಪ್ಲೈವುಡ್ ಕೊಳೆತಿದೆ, ಮೊದಲು ಅದರ ರಿಪೇರಿ.

ಟೂ-ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಕಲಸಿ ಓಡಿಸುವ ಎಂಜಿನ್) ಹಗುರ, ರಿಪೇರಿ ಸುಲಭ. ಸಾಮಾನ್ಯವಾಗಿ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್ ಕಲಸಬೇಕು, ಮರೆತರೆ ಪಿಸ್ಟನ್ ಜಾಮ್.

ಫೋರ್-ಸ್ಟ್ರೋಕ್ (ಆಯಿಲ್ ಬೇರೆಯಾಗೇ ಇರುವ ಎಂಜಿನ್) ಪೆಟ್ರೋಲ್ ಕಮ್ಮಿ ಕುಡಿಯುತ್ತೆ, ಸದ್ದೂ ಕಮ್ಮಿ. ತಕರಾರೆಲ್ಲ ತೂಕದ್ದೇ. ಕೊಳ್ಳುವ ಮುಂಚೆ ಎಂಜಿನ್ನಿನಷ್ಟೇ ತೂಕದ ಮರಳುಚೀಲ ಹಿಂದೆ ಇಟ್ಟು, ಇಬ್ಬರು ಕೂತು, ಮೀನಿನ ಕ್ರೇಟ್ ತುಂಬಿ ನೋಡಿ. ಹಿಂಬದಿ ಅಂಚು ನೀರಿನ ಮೇಲೆ ಗೇಣುದ್ದಕ್ಕಿಂತ ಕಮ್ಮಿ ಉಳಿದರೆ ಪೆಟ್ರೋಲ್ ಟ್ಯಾಂಕ್ ಮುಂದಕ್ಕೆ ಸರಿಸಿ. ಆಗಲೂ ಏಳದಿದ್ದರೆ ಟೂ-ಸ್ಟ್ರೋಕೇ ಗತಿ. ಕೊಂಡು ತರುವಾಗಲೂ ಹುಷಾರು: ಗೂಡ್ಸ್ ಆಟೋದಲ್ಲಿ ಫೋರ್-ಸ್ಟ್ರೋಕನ್ನು ತಪ್ಪು ಮಗ್ಗುಲಿಗೆ ಮಲಗಿಸಿದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತೆ.