ಆಪರೇಷನ್ ಆದ ಮೇಲೂ ಜಾರಿದರೆ: ಸಿಲಿಕೋನ್ ರಿಂಗ್ ಪೆಸರಿಯ ಬಗ್ಗೆ

ಗರ್ಭಕೋಶ ಜಾರಿತೆಂದು ಅದನ್ನೇ ತೆಗೆಸಿದ ಮೇಲೆ ಜಾರಲು ಇನ್ನೇನು ಉಳಿದಿದೆ ಎಂದು ಎಷ್ಟೋ ಹೆಂಗಸರು ಕೇಳುತ್ತಾರೆ. ಉಳಿದಿರುತ್ತದೆ. ಯೋನಿಯ ಮೇಲ್ತುದಿ, ಮೂತ್ರಕೋಶಕ್ಕೆ ಒತ್ತಿಕೊಂಡಿರುವ ಮುಂದಿನ ಗೋಡೆ, ಗುದನಾಳಕ್ಕೆ ಒತ್ತಿಕೊಂಡಿರುವ ಹಿಂದಿನ ಗೋಡೆ, ಈ ಮೂರರಲ್ಲಿ ಯಾವುದಾದರೂ ಮತ್ತೆ ಕೆಳಗಿಳಿಯಬಹುದು. ಆಪರೇಷನ್‌ನಲ್ಲಿ ಹೊಲಿಗೆ ಬೀಳುವುದು ಮೊದಲೇ ಸವೆದ ಅದೇ ಅಂಗಾಂಶಕ್ಕೆ. ಹೆರಿಗೆಯ ಹೊತ್ತಿನಲ್ಲಿ ಮೂಳೆಯಿಂದ ಕಿತ್ತುಬಂದ ಕಿಬ್ಬೊಟ್ಟೆಯ ತಳದ ಸ್ನಾಯುವನ್ನು ಆ ಹೊಲಿಗೆ ಮತ್ತೆ ಮೂಳೆಗೆ ಕೂಡಿಸುವುದಿಲ್ಲ. ಜೊತೆಗೆ ಹಳೆಯ ಕೆಮ್ಮು, ಮಲಬದ್ಧತೆ, ದಿನವೂ ಎತ್ತುವ ಬಿಂದಿಗೆ. ಆದ್ದರಿಂದ "ಬಾಣಂತನದಂತೆ ಮಲಗಿರಲಿಲ್ಲ, ಅದಕ್ಕೇ ಹೀಗಾಯ್ತು" ಎಂದು ಆಕೆಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಎರಡನೇ ಆಪರೇಷನ್‌ಗೆ ಮೈ ಒಗ್ಗದವರಿಗೆ, ಅದು ಬೇಡ ಅನ್ನುವವರಿಗೆ, ಅಥವಾ ಯೋಚಿಸಲು ಸಮಯ ಬೇಕಿರುವವರಿಗೆ ಕೈಗೆಟುಕುವ ಒಳ್ಳೆಯ ಸಾಧನ ರಿಂಗ್ ಪೆಸರಿ. ನೋಡಲು ಮೆತ್ತನೆಯ ಬಳೆಯಂತಿರುತ್ತದೆ, ಯೋನಿಯೊಳಗೆ ಕೂತು ಜಾರಿದ ಗೋಡೆಯನ್ನು ಮೇಲಕ್ಕೆ ಹಿಡಿದಿಡುತ್ತದೆ. ಬಳೆಯ ನಡುವೆ ಬರೀ ಖಾಲಿ ಇರುವುದು ಒಂದು ಬಗೆ. ರಂಧ್ರಗಳಿರುವ ತೆಳು ಪದರವನ್ನು ಹೊದಿಸಿರುವುದು ಇನ್ನೊಂದು ಬಗೆ, ಇದನ್ನು ಸಪೋರ್ಟ್ ಇರುವ ರಿಂಗ್ ಅನ್ನುತ್ತಾರೆ. ಆಪರೇಷನ್ ನಂತರ ಮೂತ್ರಕೋಶದ ಕಡೆಯ ಗೋಡೆ ಇಳಿದಿದ್ದರೆ ಈ ಎರಡನೆಯದೇ ಮೇಲು, ಖಾಲಿ ಬಳೆಯ ನಡುವೆ ಗೋಡೆ ಮತ್ತೆ ನುಸುಳುತ್ತದೆ.

ಅಂಗಡಿಯಲ್ಲಿ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ರಿಂಗೂ ಸಿಗುತ್ತದೆ, ಅಗ್ಗವೂ ಹೌದು. ಆದರೆ ಅದು ಬಿರುಸು. ಮಡಿಸುವ ಮೊದಲು ಬಿಸಿನೀರಲ್ಲಿಟ್ಟು ಮೆತ್ತಗೆ ಮಾಡಿಕೊಳ್ಳಬೇಕು, ಕೆಲವು ತಿಂಗಳಿಗೊಮ್ಮೆ ಬಿಸಾಡಿ ಹೊಸದು ಹಾಕಬೇಕು. ಸಿಲಿಕೋನ್ ವಾಸನೆ ಹಿಡಿಯುವುದಿಲ್ಲ, ಲ್ಯಾಟೆಕ್ಸ್ ಅಲರ್ಜಿ ಇರುವವರಿಗೂ ಆಗುತ್ತದೆ, ತೊಳೆದು ವರ್ಷಗಟ್ಟಲೆ ಬಳಸಬಹುದು. ಒಂದೇ ಸಲದ ಖರ್ಚು ಹೆಚ್ಚಾದರೂ ಸಿಲಿಕೋನನ್ನೇ ಕೊಳ್ಳಿ.

ಆದರೆ ಅಳತೆಯಿಲ್ಲದೆ ಕೊಳ್ಳಬೇಡಿ. ಕೆಲವು ಕಂಪನಿಗಳು ಮಿಲಿಮೀಟರಲ್ಲಿ ಅಳತೆ ಬರೆಯುತ್ತವೆ, ಕೆಲವು ನಂಬರಿನಲ್ಲಿ. ಮೈಲೆಕ್ಸ್ ಎಂಬ ಬ್ರ್ಯಾಂಡಿನ ರಿಂಗಿನಲ್ಲಿ 3ನೇ ನಂಬರ್ ಅಂದರೆ 64, 4 ಅಂದರೆ 70, 5 ಅಂದರೆ 76 ಮಿಲಿಮೀಟರ್. ಒಂದು ನಂಬರಿನ ವ್ಯತ್ಯಾಸ ಆರೇ ಮಿಲಿಮೀಟರಾದರೂ ಒಳಗೆ ಅದು ದೊಡ್ಡದೇ. ಚಿಕ್ಕದಾದರೆ ಕೂತೆದ್ದಾಗ ಬಿದ್ದುಹೋಗುತ್ತದೆ, ದೊಡ್ಡದಾದರೆ ಗೋಡೆ ಉಜ್ಜಿ ಹುಣ್ಣಾಗುತ್ತದೆ. ರಿಂಗ್ ಕೂತ ಮೇಲೆ ಅದಕ್ಕೂ ಗೋಡೆಗೂ ನಡುವೆ ವೈದ್ಯರ ಬೆರಳೊಂದು ಸುತ್ತ ಆಡಬೇಕು, ಹಾಕಿಸಿಕೊಂಡವರಿಗೆ ಒಳಗೊಂದು ವಸ್ತು ಇದೆ ಎಂಬುದೇ ಗೊತ್ತಾಗಬಾರದು. ಮೊದಲ ಸಲಕ್ಕೇ ಸರಿಯಾಗದಿದ್ದರೆ ಗಾಬರಿ ಬೇಡ, ಎರಡು ಮೂರು ಅಳತೆ ನೋಡಬೇಕಾಗುವುದು ಸಾಮಾನ್ಯ. ಹಾಕಿಸಿಕೊಂಡ ಕೂಡಲೇ ಆಟೋ ಹತ್ತಬೇಡಿ. ಅಲ್ಲೇ ಹತ್ತು ಹದಿನೈದು ನಿಮಿಷ ಓಡಾಡಿ, ಕೆಮ್ಮಿ, ಕುಕ್ಕರಗಾಲಲ್ಲಿ ಕೂತು ಏಳಿ, ಒಮ್ಮೆ ಮೂತ್ರ ಮಾಡಿ. ಮೂತ್ರ ಸಲೀಸಾಗಿ ಬಾರದಿದ್ದರೆ ಆ ಅಳತೆ ಆಗದು, ಅಲ್ಲೇ ಬದಲಿಸಿಕೊಳ್ಳಬೇಕು. ಒಂದೆರಡು ವಾರದಲ್ಲಿ ಮತ್ತೊಮ್ಮೆ ತೋರಿಸುವುದು ಕಡ್ಡಾಯ.

ಮನೆಯಲ್ಲಿ ತಾವೇ ತೆಗೆದು ಹಾಕುವುದನ್ನು ಕಲಿಯದಿದ್ದರೆ ರಿಂಗಿನ ಅರ್ಧ ಪ್ರಯೋಜನ ಹೋದಂತೆ. ಸಪೋರ್ಟ್ ಇರುವ ರಿಂಗ್ ಎಲ್ಲ ಕಡೆಯಿಂದಲೂ ಮಡಚುವುದಿಲ್ಲ. ಅಂಚಿನಲ್ಲಿ ಎದುರುಬದುರು ಎರಡು ಮೆತ್ತನೆಯ ಜಾಗಗಳಿರುತ್ತವೆ, ಬೆರಳಾಡಿಸಿದರೆ ತಿಳಿಯುತ್ತದೆ, ಅಲ್ಲಿಯೇ ಎರಡಾಗಿ ಮಡಚಿ ಹಿಡಿಯಬೇಕು. ನೀರಿನಂಶದ ಜೆಲ್ಲಿಯನ್ನು ಒಳಗೆ ಮೊದಲು ಹೋಗುವ ತುದಿಗಷ್ಟೇ ಸವರಿ. ಹಿಡಿಯುವ ತುದಿಗೂ ಹಚ್ಚಿದರೆ ಕೈಯಿಂದ ಚಿಮ್ಮಿ ನೆಲಕ್ಕೆ ಬೀಳುತ್ತದೆ. ಮಲಗಿ ಮೊಣಕಾಲು ಮಡಚಿ, ಅಥವಾ ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು, ಮಡಚಿದ ಬಾಗು ಮೇಲ್ಮುಖವಾಗಿರುವಂತೆ ಹಿಡಿದು ಬೆನ್ನಿನ ತಳದ ಕಡೆಗೆ ಓರೆಯಾಗಿ ನೂಕಬೇಕು. ಒಳಗೆ ಹೋದ ಮೇಲೆ ಅದು ತಾನೇ ಬಿಚ್ಚಿಕೊಳ್ಳುತ್ತದೆ. ಇಲ್ಲಿಗೇ ನಿಲ್ಲಿಸುವವರು ಬಹಳ. ಬೆರಳಿನಿಂದ ರಿಂಗನ್ನು ಕಾಲು ಸುತ್ತು ತಿರುಗಿಸಬೇಕು. ತಿರುಗಿಸದಿದ್ದರೆ ಮಡಚುವ ಜಾಗ ಯೋನಿದ್ವಾರದ ನೇರಕ್ಕೇ ಉಳಿಯುತ್ತದೆ, ಜೋರಾಗಿ ಸೀನಿದರೆ ರಿಂಗ್ ಮಡಚಿಕೊಂಡು ಹೊರಗೆ ಬರುತ್ತದೆ. "ನಂಗೆ ರಿಂಗ್ ನಿಲ್ಲೋದೇ ಇಲ್ಲ" ಅನ್ನುವವರು ಅಳತೆ ಬದಲಿಸುವ ಮುನ್ನ ಇದನ್ನು ಮಾಡಿ ನೋಡಲಿ.

ತೆಗೆಯಲು ತೋರುಬೆರಳನ್ನು ಅಂಚಿಗೆ ಕೊಕ್ಕೆಯಂತೆ ಸಿಕ್ಕಿಸಿ, ಸ್ವಲ್ಪ ಓರೆ ಮಾಡಿ ಕೆಳಕ್ಕೆ ಎಳೆಯಬೇಕು. ಬೆರಳು ಎಟುಕದಿದ್ದರೆ, ಕೈಬೆರಳಲ್ಲಿ ಸಂಧಿವಾತ ಇದ್ದರೆ, ಹಲ್ಲು ಶುಚಿ ಮಾಡುವ ಫ್ಲಾಸ್ ದಾರವನ್ನು ರಿಂಗಿಗೆ ಕಟ್ಟಿ ಒಂದು ತುದಿಯನ್ನು ಉಳಿಸಿಕೊಳ್ಳಬಹುದು. ವಾರಕ್ಕೊಂದು ರಾತ್ರಿ ತೆಗೆದಿಟ್ಟರೆ ಗೋಡೆಗೆ ಉಸಿರಾಡಲು ಬಿಡುವು ಸಿಕ್ಕಂತೆ. ಸಾದಾ ಸೋಪು ಮತ್ತು ನೀರಿನಲ್ಲಿ ತೊಳೆದು ಒರೆಸಿ ಒಣಗಿಸಿದರೆ ಸಾಕು. ಆಂಟಿಸೆಪ್ಟಿಕ್ ದ್ರಾವಣದಲ್ಲಿ ಅದ್ದಬೇಡಿ, ಉಳಿದ ಅಂಶ ಒಳಗಿನ ತೆಳು ಚರ್ಮವನ್ನು ಉರಿಸುತ್ತದೆ. ಬೆಳಗ್ಗೆ ಹಾಸಿಗೆಯಿಂದ ಏಳುವ ಮುಂಚೆಯೇ ಹಾಕಿಕೊಳ್ಳುವುದು ಸುಲಭ. ಎದ್ದು ಓಡಾಡಿ ಗೋಡೆ ಕೆಳಗಿಳಿದಿದ್ದರೆ ಸೊಂಟದ ಕೆಳಗೆ ದಿಂಬಿಟ್ಟು ಹದಿನೈದು ನಿಮಿಷ ಮಲಗಿ, ಆಮೇಲೆ ಹಾಕಿ.

ಆಪರೇಷನ್ ಆದವರಿಗೆ ರಿಂಗ್ ಕೂರಿಸುವುದು ಬೇರೆಯವರಿಗಿಂತ ಕಷ್ಟ ಎಂಬುದನ್ನು ಮುಚ್ಚಿಡಬಾರದು. ಹೊಲಿಗೆಯಿಂದ ಯೋನಿ ಗಿಡ್ಡವಾಗಿರುವುದುಂಟು. ಉದ್ದ ಆರು ಸೆಂಟಿಮೀಟರಿಗಿಂತ ಕಡಿಮೆಯಿದ್ದು ದ್ವಾರ ನಾಲ್ಕು ಬೆರಳಗಲ ಇದ್ದರೆ ರಿಂಗ್ ನಿಲ್ಲುವ ಸಾಧ್ಯತೆ ಕಡಿಮೆ. ಹಿಂದಿನ ಗೋಡೆ, ಅಂದರೆ ಗುದನಾಳದ ಕಡೆ ಮಾತ್ರ ಉಬ್ಬಿದ್ದರೆ ರಿಂಗಿನಿಂದ ಅಷ್ಟಾಗಿ ಸುಖ ಸಿಗುವುದಿಲ್ಲ. ಆಪರೇಷನ್‌ನಲ್ಲಿ ಗೋಡೆಗೆ ಆಸರೆಯಾಗಿ ಜಾಲರಿ (ಮೆಶ್) ಹಾಕಿಸಿಕೊಂಡವರು ಅದು ಗೋಡೆ ಕೊರೆದು ಹೊರಗೆ ಬಂದಿದೆಯೇ ಎಂದು ಮೊದಲು ಪರೀಕ್ಷೆ ಮಾಡಿಸಲೇಬೇಕು. ಬಂದಿದ್ದರೆ ರಿಂಗ್ ಬೇಡ. ಇಂಥ ತೊಂದರೆಗಳಿಂದಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಯೋನಿಯ ಮೂಲಕ ಹಾಕುವ, ಜಾರುವಿಕೆಯ (ಪ್ರೊಲ್ಯಾಪ್ಸ್) ಜಾಲರಿಗಳ ಮಾರಾಟವನ್ನು 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಹಳೆಯ ಡಿಸ್ಚಾರ್ಜ್ ಸಮ್ಮರಿಯನ್ನು ಕೊಂಡೊಯ್ಯಿರಿ, ಜಾಲರಿ ಇದೆಯೋ ಇಲ್ಲವೋ ಎಂಬುದು ಅದರಲ್ಲಿ ಬರೆದಿರುತ್ತದೆ.

ರಿಂಗ್ ನಿಲ್ಲದವರಿಗೆ ಗೆಲ್‌ಹಾರ್ನ್ ಎಂಬ ಪೆಸರಿ ಇದೆ, ಅಣಬೆಯ ಹಾಗೆ ತಟ್ಟೆಯೂ ಕಾಂಡವೂ ಇರುವ ಆಕಾರ. ಹೆಚ್ಚು ಇಳಿದಿರುವುದನ್ನೂ ಹಿಡಿಯುತ್ತದೆ, ಆದರೆ ತಾವೇ ತೆಗೆಯುವುದು ಕಷ್ಟ, ಸಂಭೋಗಕ್ಕೆ ಮುಂಚೆ ತೆಗೆಯಲೇಬೇಕು. ರಿಂಗನ್ನು ಹಾಗೇ ಬಿಟ್ಟರೂ ನಡೆಯುತ್ತದೆ. ಘನಾಕಾರದ ಕ್ಯೂಬ್ ಪೆಸರಿ ಗೋಡೆಯನ್ನು ಹೀರಿ ಹಿಡಿಯುವುದರಿಂದ ಪ್ರತಿ ರಾತ್ರಿ ತೆಗೆಯಬೇಕು. ಒಂದು ದಿನವೂ ತಪ್ಪದಷ್ಟು ಶಿಸ್ತು ಇದ್ದರೆ ಮಾತ್ರ ಅದನ್ನು ಒಪ್ಪಿಕೊಳ್ಳಿ.

ತೊಂದರೆಗಳಲ್ಲಿ ಬೇಸರ ತರಿಸುವುದು ಮೂತ್ರ ಸೋರಿಕೆ. ಇಳಿದ ಮೂತ್ರಕೋಶ ನಾಳವನ್ನು ಮಡಚಿಟ್ಟಿರುತ್ತದೆ, ರಿಂಗ್ ಅದನ್ನು ನೇರ ಮಾಡಿದಾಗ ಅಲ್ಲಿಯವರೆಗೆ ಅಡಗಿದ್ದ ಸೋರಿಕೆ ಕೆಮ್ಮಿದಾಗ ಹೊರಬೀಳುತ್ತದೆ. ರಿಂಗ್ ಕೆಟ್ಟಿದೆ ಎಂದಲ್ಲ. ಅಂಚಿನಲ್ಲಿ ಗುಂಡಿಯಂಥ ಉಬ್ಬು ಇರುವ ರಿಂಗ್ ಬೇರೆ ಬರುತ್ತದೆ, ಆ ಉಬ್ಬು ಮೂತ್ರನಾಳವನ್ನು ಒತ್ತಿ ಸೋರುವುದನ್ನು ತಗ್ಗಿಸುತ್ತದೆ. ಸ್ವಲ್ಪ ಬಿಳಿ ಹೋಗುವುದು ಸಹಜ. ದುರ್ವಾಸನೆ, ಕಂದು ಬಣ್ಣ, ರಕ್ತ ಕಂಡರೆ ಗೋಡೆಯಲ್ಲಿ ಹುಣ್ಣಾಗಿರಬಹುದು: ರಿಂಗ್ ತೆಗೆದು ಆಸ್ಪತ್ರೆಗೆ ಹೋಗಬೇಕು. ಮುಟ್ಟು ನಿಂತವರಿಗೆ ಒಳಚರ್ಮ ಒಣಗಿ ತೆಳುವಾಗಿರುವುದರಿಂದ ವೈದ್ಯರು ಎಸ್ಟ್ರಿಯಾಲ್ ಎಂಬ ಹಾರ್ಮೋನ್ ಕ್ರೀಮ್ ಬರೆಯುತ್ತಾರೆ, ಸಾಮಾನ್ಯವಾಗಿ ಎರಡು ವಾರ ಪ್ರತಿ ರಾತ್ರಿ, ಆಮೇಲೆ ವಾರಕ್ಕೆರಡು ಸಲ. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ಹೇಳಬೇಕು.

ಮಲಬದ್ಧತೆ ರಿಂಗಿನ ದೊಡ್ಡ ಶತ್ರು. ತಿಣುಕಿದರೆ ಬೀಳುತ್ತದೆ, ಇಂಡಿಯನ್ ಕಕ್ಕಸಿನಲ್ಲಿ ಬಿದ್ದರೆ ಹೋದ ಹಾಗೇ. ಮಲ ವಿಸರ್ಜಿಸುವಾಗ ಯೋನಿದ್ವಾರಕ್ಕೆ ಒಂದು ಬೆರಳು ಆಸರೆಯಾಗಿ ಕೊಟ್ಟಿರಿ. ರಾತ್ರಿ ಎರಡು ಚಮಚ ಇಸಬ್‌ಗೋಲ್ ಪೂರ್ತಿ ಲೋಟ ನೀರಿನೊಂದಿಗೆ. ನೀರು ಕಡಿಮೆಯಾದರೆ ಅದೇ ಮಲಬದ್ಧತೆ ಮಾಡುತ್ತದೆ. ತಳದ ಸ್ನಾಯುಗಳ ವ್ಯಾಯಾಮವನ್ನು ರಿಂಗ್ ಹಾಕಿಕೊಂಡೇ ಮಾಡಬಹುದು: ಗಾಳಿ ತಡೆಯುವಂತೆ ಬಿಗಿಹಿಡಿದು ಆರರಿಂದ ಎಂಟು ಎಣಿಸಿ, ಅಷ್ಟೇ ಹೊತ್ತು ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕೊಡ ಎತ್ತುವ ಮುಂಚೆ, ಕೆಮ್ಮು ಬರುವ ಮುಂಚೆ ಹೀಗೆ ಬಿಗಿಹಿಡಿಯುವುದನ್ನು ರೂಢಿ ಮಾಡಿಕೊಳ್ಳಿ.

ತಾವೇ ತೆಗೆಯಲಾಗದವರು ಮೂರರಿಂದ ಆರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ತೆಗೆಸಿ, ತೊಳೆಸಿ, ಗೋಡೆ ತೋರಿಸಿಕೊಳ್ಳಬೇಕು. ವರ್ಷಗಟ್ಟಲೆ ಮರೆತ ರಿಂಗ್ ಮಾಂಸದೊಳಗೆ ಹೂತುಹೋಗುತ್ತದೆ, ಮೂತ್ರಕೋಶಕ್ಕೆ ಅಥವಾ ಗುದನಾಳಕ್ಕೆ ತೂತು ಬೀಳುವುದೂ ಉಂಟು. ವಯಸ್ಸಾದ ಅತ್ತೆಗೋ ಅಮ್ಮನಿಗೋ ರಿಂಗ್ ಹಾಕಿಸಿದ್ದರೆ ಅವರೊಬ್ಬರ ನೆನಪಿಗೆ ಬಿಡಬೇಡಿ. ರಿಂಗಿನ ಬಗೆ, ನಂಬರ್, ಹಾಕಿದ ತಾರೀಕು, ಮುಂದಿನ ತಾರೀಕು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಬಿಪಿ ಮಾತ್ರೆಯ ಡಬ್ಬಿಗೆ ಅಂಟಿಸಿಡಿ, ಮನೆಯ ಇನ್ನೊಬ್ಬ ಹೆಂಗಸಿಗೂ ಹೇಳಿಡಿ.